ಗೊರವಂಕದ ಸ್ವಂತ ಕೀರ್ತನೆ

ವಿದ್ವಾನ್ ಅಳಸಿಂಗಾಚಾರ್ಯರ ಮನೆಯ ಸೂರಿನಲ್ಲಿ ಹುಟ್ಟಿ ಬೆಳೆದ ಗೊರವಂಕವೊಂದು ಕೀರ್ತನೆ ಕಟ್ಟಿ, ಮೂಲೆಯ ತಂಬೂರಿಯ ಮುಂದೆ ಬಂದು ಕೂತಿತು. "ಇದರಲ್ಲಿ ಬೇರೆಯವರದು ಒಂದೇ ಒಂದು ಸ್ವರ ಇದ್ದರೂ ಇವತ್ತಿಗೇ ಹಾಡುವುದನ್ನು ಬಿಡುತ್ತೇನೆ" ಎಂದು ಶಪಥ ಮಾಡಿ, ಪೂರ್ತಿ ಹಾಡಿ ಮುಗಿಸಿತು.

ತಂಬೂರಿ ಹೇಳಿತು: "ಪಲ್ಲವಿಯ ನಡೆ ಆಚಾರ್ಯರ ಗುರುಗಳದು. ಅನುಪಲ್ಲವಿಯಲ್ಲಿ ಮೇಲಕ್ಕೇರಿದ್ದು ಅಡುಗೆಮನೆಯ ಕುಕ್ಕರಿನ ಸೀಟಿ. ಚರಣಕ್ಕೆ ಮುಂಚೆ ಕೆಮ್ಮಿದೆಯಲ್ಲ, ಅದು ಆಚಾರ್ಯರು ಗಂಟಲು ಸರಿಮಾಡಿಕೊಳ್ಳುವ ಕೆಮ್ಮು."

"ಕೆಮ್ಮದೆ ಚರಣ ಹೇಗೆ ಶುರುವಾಗುತ್ತೆ?" ಎಂದಿತು ಗೊರವಂಕ. ಅದಕ್ಕೆ ನಿಜಕ್ಕೂ ಗೊತ್ತಿರಲಿಲ್ಲ. ಆ ಮೂರನ್ನೂ ಬಿಟ್ಟು ಹಾಡೋಣವೆಂದು ಕೊಕ್ಕು ತೆರೆಯಿತು, ಏನೂ ಬರಲಿಲ್ಲ. "ಹಾಗಾದರೆ ನನ್ನದು ಅಂತ ಏನೂ ಇಲ್ಲ. ಹಾಡು ಬಿಟ್ಟೆ" ಎಂದು ರೆಕ್ಕೆ ಇಳಿಬಿಟ್ಟು ಹೊರಟಿತು.

"ಇರಪ್ಪ, ಹೋಗಬೇಡ" ಎಂದಿತು ತಂಬೂರಿ. "ಆ ಕೆಮ್ಮನ್ನು ಸರಿಯಾಗಿ ತಾಳದ ಮೇಲೆ ಕೂರಿಸಿದ್ದೀಯ. ಅದು ಮಾತ್ರ ನಿನ್ನದೇ. ನಲವತ್ತು ವರ್ಷದಿಂದ ಆಚಾರ್ಯರ ಪಕ್ಕದಲ್ಲಿದ್ದೇನೆ. ಅವರ ಕೆಮ್ಮು ಒಂದು ದಿನವೂ ತಾಳಕ್ಕೆ ಬಿದ್ದದ್ದಿಲ್ಲ."