ಸೊಟ್ಟ ಅಕ್ಷರದ ಓಲೆ

ಹೊಳೆದಂಡೆಯ ಮಠದಲ್ಲಿ ಹಾಲಯ್ಯಜ್ಜ ಎಂಬ ವೈದ್ಯಗುರು ಇದ್ದರು. ಬಸುರಿ ಬಾಣಂತಿಯರ ಮದ್ದಿನ ವಿಷಯ ಬರೆದ ಹಳೆಯದೊಂದು ತಾಳೆಯೋಲೆಯ ಕಟ್ಟು ಅವರ ಬಳಿಯಿತ್ತು. ಹುಳ ತಿಂದು, ಮುಟ್ಟಿದರೆ ಉದುರುವಂತಿದ್ದ ಅದನ್ನು ಮಠದಿಂದ ಆಚೆ ಒಯ್ಯುವ ಹಾಗಿರಲಿಲ್ಲ. ಕಲಿಯಲು ಬಂದವರು ಹೊಸ ಓಲೆಗಳ ಮೇಲೆ ತಾವೇ ನಕಲು ಮಾಡಿಕೊಂಡು ಊರಿಗೆ ಹೋಗಬೇಕು. ಅದೇ ಅಲ್ಲಿನ ಪದ್ಧತಿ.

ಎಲ್ಲರಿಗೂ ಒಂದು ಮಳೆಗಾಲ ಸಾಕಾಗುತ್ತಿತ್ತು. ಬಸಲಿಂಗ ಬಂದು ಮೂರು ಮಳೆಗಾಲ ಕಳೆದಿದ್ದವು. ನೂರು ಓಲೆಗಳಲ್ಲಿ ಅವನು ಮುಗಿಸಿದ್ದು ಒಂಬತ್ತೇ ಒಂಬತ್ತು!

ಸೋಮಾರಿಯೇ? ಅಲ್ಲವೇ ಅಲ್ಲ. ಕೋಳಿ ಕೂಗುವ ಮೊದಲೇ ಎದ್ದು ಕೂರುತ್ತಿದ್ದ. ಆದರೆ ಕಂಟವೆಂಬ ಚೂಪು ಕಬ್ಬಿಣದ ಕಡ್ಡಿಯಿಂದ ಕೊರೆಯುವಾಗ ಒಂದೇ ಒಂದು ಅಕ್ಷರ ಸೊಟ್ಟಗಾದರೆ ಮುಗಿಯಿತು, ಇಡೀ ಓಲೆಯನ್ನು ಲಟಕ್ಕನೆ ಮುರಿದು ಒಲೆಗೆ ಹಾಕುತ್ತಿದ್ದ. ಮಠದ ಅಡುಗೆಯವರಿಗೆ ಪುಳ್ಳೆ ಆರಿಸುವ ಕೆಲಸವೇ ತಪ್ಪಿತ್ತು.

ಒಂದು ಬೆಳಿಗ್ಗೆ ಹರಿಗೋಲಿನಲ್ಲಿ ಅವನ ಭಾವ ಬಂದ.

"ನಿಮ್ಮಕ್ಕಗ ಆರು ತಿಂಗಳು," ಎಂದ. "ಹಿಂದಿನ ಎರಡು ಕೂಸು ಉಳೀಲಿಲ್ಲ. ಎರಡನೇದಕ್ಕ ಆಕಿನೂ ಹೋಗೇಬಿಡ್ತಿದ್ಲು. ನಮ್ಮೂರಾಗ ಮದ್ದು ಬಲ್ಲವರು ಯಾರದಾರ? 'ತಮ್ಮ ಓಲೆ ತರ್ತಾನ' ಅಂತ ದಿನಾ ದಾರಿ ನೋಡ್ತಾಳ. ಎರಡು ತಿಂಗಳಿಗೆ ಬರ್ತೀನಿ, ತಯಾರಿರು."

ತಾಯಿಯಿಲ್ಲದ ಬಸಲಿಂಗನನ್ನು ಸಾಕಿದವಳು ಆ ಅಕ್ಕ, ನಿಂಬೆವ್ವ. ಅವನು ಓಡಿಹೋಗಿ ಅಜ್ಜನ ಕಾಲ ಬಳಿ ಕುಸಿದು ಕುಳಿತ.

"ಅಜ್ಜಾರ, ಎರಡು ತಿಂಗಳಾಗ ಹೆಂಗ್ರಿ? ಈ ಮುರಿಯೋ ಚಟ ನನ್ನ ಬಿಡವಲ್ದು."

"ಮುರಿಯೂಕಿಂತ ಮುಂಚೆ ಏನಾಗ್ತೈತಿ?" ಅಜ್ಜ ಕೇಳಿದರು.

"ಅಕ್ಷರ ಸೊಟ್ಟ ಆಗ್ತೈತ್ರಿ."

"ಅದು ಆದ ಮ್ಯಾಲೆ, ಮುರಿಯೂಕಿಂತ ಮುಂಚೆ?"

ಬಸಲಿಂಗ ಯೋಚಿಸಿದ. ಇದನ್ನು ಅವನನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

"ಕಿವಿ ಬಿಸಿ ಆಗ್ತಾವ್ರಿ. ಸಣ್ಣವಿದ್ದಾಗ ಮರಳಾಗ ಬರಿಯುವಾಗ ಒಂದು ಗೆರಿ ತಪ್ಪಿದ್ರ ಅಪ್ಪ ಕಿವಿ ಹಿಂಡಿ, ಎಲ್ಲಾ ಅಳಿಸಿ, ಮೊದಲಿಂದ ಬರಸ್ತಿದ್ದ."

"ಪಾಪ, ಆ ಹುಡುಗ ಇನ್ನೂ ಮರಳಾಗ ಕುಂತಾನಲ್ಲೋ!" ಅಜ್ಜ ಅವನ ಬೆನ್ನು ಸವರಿದರು. "ಚಂದ ಬರಿ ಅಂತ ಹೇಳೂದಿಲ್ಲ. ಮುರೀಬ್ಯಾಡ ಅಂತನೂ ಹೇಳೂದಿಲ್ಲ. ಕಿವಿ ಬಿಸಿಯಾದ ಕೂಡ್ಲೇ ಓಲಿ ನನ್ನ ಕೈಗೆ ಕೊಡು. ಮುರಿಯೂದು ನನ್ನ ಕೆಲಸ."

ಅಂದೇ ಅವರು ತಮ್ಮ ಚಾಪೆಯನ್ನು ಅವನ ಪಕ್ಕಕ್ಕೆ ಎಳೆದುಕೊಂಡರು.

ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಕಂಟ ಜಾರಿತು. ಬಸಲಿಂಗ ಓಲೆ ಚಾಚಿದ.

"ನನಗ ಕಣ್ಣು ಮಂಜು," ಎಂದರು ಅಜ್ಜ. "ಮಸಿ ಹಚ್ಚಿ ಓದಿ ಹೇಳು."

ದೀಪದ ಮಸಿ ತಿಕ್ಕಿದೊಡನೆ ಅಕ್ಷರಗಳೆಲ್ಲ ಕಪ್ಪಗೆ ಎದ್ದವು, ಸೊಟ್ಟದ್ದೂ ಎದ್ದಿತು. ಬಾಣಂತಿಗೆ ನಡುಕ ಬಂದರೆ ಯಾವ ಬೇರು, ಹೇಗೆ ತೇಯಬೇಕು ಎಂದು ಅವನು ಓದಿದ.

"ಮದ್ದು ತಿಳೀತೇನು?"

"ತಿಳೀತ್ರಿ."

"ಹಂಗಾರ ಈಗ ಮುರೀಲೇನು?"

ಬಸಲಿಂಗ ಸೊಟ್ಟ ಅಕ್ಷರವನ್ನು ಇನ್ನೊಮ್ಮೆ ನೋಡಿದ. ಕೊನೆಗೆ, "ಇರಲಿ ಬಿಡ್ರಿ," ಎಂದ.

ಆ ದಿನ ಹನ್ನೊಂದು ಸಲ ಓಲೆ ಕೈ ಬದಲಿಸಿತು. ಎರಡು ಸಲ ಅವನು "ಮುರೀರಿ" ಅಂದ. ಅಜ್ಜ ಮುರಿದುಕೊಟ್ಟರು. ಮರುದಿನ ಏಳು ಸಲ. ಒಮ್ಮೆ ಕೊಡುವ ಮೊದಲೇ ಅವನ ಕೈ ಓಲೆಯನ್ನು ಮುರಿದುಬಿಟ್ಟಿತ್ತು, ಅವನು ನಾಚಿಕೆಯಿಂದ ಅತ್ತುಬಿಟ್ಟ.

"ಅಳೂದು ಮುಗಿದ ಮ್ಯಾಲೆ ಇನ್ನೊಂದು ಓಲಿ ತಗೋ," ಎಂದರು ಅಜ್ಜ. ಬೈಯಲಿಲ್ಲ.

ಇಪ್ಪತ್ತು ದಿನಗಳ ಮೇಲೆ ಅಜ್ಜ ರೋಗಿಯೊಬ್ಬರನ್ನು ನೋಡಲು ಆಚೆದಂಡೆಗೆ ಹೋದರು. ಬಸಲಿಂಗ ಒಬ್ಬನೇ ಕುಳಿತಿದ್ದ. ಕಂಟ ಜಾರಿತು, ಕಿವಿ ಕಾದವು. ಕೊಡಲು ಪಕ್ಕದಲ್ಲಿ ಯಾರೂ ಇಲ್ಲ!

ಓಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತ. ಹೆಬ್ಬೆರಳುಗಳು ತಾವಾಗಿಯೇ ಒತ್ತುತ್ತಿದ್ದವು. ಹಾಗೇ ಕುಳಿತ. ಎಷ್ಟೋ ಹೊತ್ತಿಗೆ ಕಿವಿ ತಣ್ಣಗಾದವು. ಮಸಿ ಹಚ್ಚಿ, ಗಟ್ಟಿಯಾಗಿ ಓದಿ, "ಮದ್ದು ತಿಳೀತೇನು?" ಎಂದು ತನ್ನನ್ನೇ ಕೇಳಿಕೊಂಡ. ಥೇಟ್ ಅಜ್ಜನ ದನಿ! ನಗು ಬಂತು. ಓಲೆಯನ್ನು ಮುಗಿದವುಗಳ ಜೊತೆ ಸೇರಿಸಿದ.

ಭಾವ ಬರುವ ಹಿಂದಿನ ದಿನ ನೂರನೆಯ ಓಲೆ ಮುಗಿಯಿತು.

ಹರಿಗೋಲು ದಂಡೆಗೆ ತಾಗಿತ್ತು. ಭಾವ ಅವಸರ ಮಾಡುತ್ತಿದ್ದ. ಓಲೆಗಳನ್ನು ಜೋಡಿಸುತ್ತಿದ್ದ ಬಸಲಿಂಗನ ಕೈ ಹತ್ತನೆಯದರ ಮೇಲೆ ನಿಂತಿತು. ಅವನು ಮುರಿಯದೆ ಬಿಟ್ಟ ಮೊದಲ ಓಲೆ ಅದು, ಎಲ್ಲಕ್ಕಿಂತ ಕೆಟ್ಟದ್ದು. ಅವನ ಕಿವಿ ಕೆಂಪಾದವು.

"ಅಜ್ಜಾರ, ಇದೊಂದರಾಗ ಐದು ಅಕ್ಷರ ಸೊಟ್ಟ ಅದಾವ್ರಿ. ಊಟದ ಹೊತ್ತಿನೊಳಗ ಹೊಸಾದು ಬರದುಬಿಡ್ತೀನಿ. ಇದೊಂದ್ರೀ."

ಅಜ್ಜ ಓಲೆಗಳನ್ನು ಅವನ ಕೈಯಿಂದ ತೆಗೆದುಕೊಂಡು ಬಿಗಿಯಾಗಿ ದಾರ ಸುತ್ತಿದರು. ಕಟ್ಟನ್ನು ಅವನ ಎದೆಗೆ ಒತ್ತಿದರು.

"ಹರಿಗೋಲು ಹತ್ತಪಾ. ಆ ಐದು ಅಕ್ಷರ ನಿಮ್ಮಕ್ಕನ ಕೂಸು ದೊಡ್ಡದಾಗಿ ಬಂದು ತಿದ್ದಲಿ."