ಕಸಬರಿಗೆ ಒಲ್ಲದ ಅರಣ್ಯಾಂಬಿಕೆ

ಇದು ತ್ರೇತಾಯುಗದ ಸಂಗತಿಯೆಂದು ಅರ್ಚಕರೂ ದ್ವಾಪರದ್ದೆಂದು ಅವರ ಮನೆಯವರೂ ಪಟ್ಟುಹಿಡಿದಿರುವುದರಿಂದ, ಈ ಹೊತ್ತಗೆ ಬರೆಯುವ ನನಗೆ ದಿಕ್ಕು ತೋಚದೆ, ಬಹುಪುರಾತನ ಕಾಲದಲ್ಲಿ ಎಂದಷ್ಟೇ ಆರಂಭಿಸುತ್ತೇನೆ.

ಬಹುಪುರಾತನ ಕಾಲದಲ್ಲಿ, ನಾನಾ ವೃಕ್ಷಲತಾಸಂಕುಲದಿಂದ ಶೋಭಾಯಮಾನವಾಗಿದ್ದ ಈ ಕರಿಹಾಸುಬೆಟ್ಟದ ಮೇಲೆ, ಮಾಳಿಂಗನೆಂಬ ಗೋಪಾಲಕನು ದನಗಳಿಗೆ ಎಳೆಹುಲ್ಲು ಚಿಗುರಲೆಂದು ಹಚ್ಚಿದ ಬೆಂಕಿಯು ಕೈಮೀರಿ, ಅರಣ್ಯವನ್ನೂ ಅದರ ಅಧಿದೇವತೆಯಾದ ಅರಣ್ಯಾಂಬಿಕೆಯ ಗುಡಿಯನ್ನೂ ಭಸ್ಮಗೊಳಿಸಿತು; ಮುಂದಿನ ಮಳೆಗೆ ಮಣ್ಣೆಲ್ಲ ಕೊಚ್ಚಿಹೋಗಿ ಬರಿಯ ಬಂಡೆ ಉಳಿಯಿತು, ತೊರೆ ಬತ್ತಿತು. ದೇವಿಯು ಮರಳಿ ಬರುವವರೆಗೂ ಬೆಟ್ಟವಿಳಿಯೆನೆಂದು ಸಂಕಲ್ಪಿಸಿದ ಆ ಪಾಪಭೀರುವು, ಅವಳ ಪೀಠವಾಗಿದ್ದ ಬಂಡೆಯನ್ನು ಪ್ರತಿದಿನವೂ ಕಸಬರಿಗೆಯಿಂದ ಗುಡಿಸಿ, ಅಲ್ಲಲ್ಲಿ ಮೂಡುತ್ತಿದ್ದ ಕಲ್ಲುಹೂವಿನ ಬೂದುಬಣ್ಣದ ಹಕ್ಕಳೆಗಳನ್ನು ಕೊಳೆಯೆಂದು ಕೆರೆದು ತೆಗೆದು, ರಂಗವಲ್ಲಿಯಿಟ್ಟು ಕಾದನು. ಹನ್ನೆರಡು ವರ್ಷವಾದರೂ ದೇವಿಯ ಸುಳಿವಿಲ್ಲ. ಭಕ್ತಿ ಸಾಲದೆಂದು ಬಗೆದು ದಿನಕ್ಕೆರಡು ಬಾರಿ ಗುಡಿಸತೊಡಗಿದನು. ಪಾಪ, ಅವನ ತಲೆ ಕೆಟ್ಟುಹೋಗಿತ್ತು.

ಆಗ ಒಂದು ಮಧ್ಯಾಹ್ನ ಬಂಡೆಯೊಳಗಿಂದ ದಿವ್ಯವಾಣಿಯಾಯಿತು: "ಮಗನೇ, ದಿನವೂ ಬರುತ್ತೇನೆ, ದಿನವೂ ನೀನು ಗುಡಿಸಿ ಹಾಕುತ್ತೀಯೆ. ಇನ್ನೆಷ್ಟು ಸಲ ಬರಲಿ?"

ಅಂದಿನಿಂದ ಆ ಹಕ್ಕಳೆಗೇ ಕೈಮುಗಿದನು. ಆದರೆ ಕಾಲಕ್ರಮದಲ್ಲಿ ಪಾಚಿ ಬೆಳೆದು ಹಕ್ಕಳೆಯನ್ನು ಮುಚ್ಚಿತು. ಪಾಚಿಯಲ್ಲಿ ತಂಗಿದ ಹಿಡಿಮಣ್ಣಿನಲ್ಲಿ ಹುಲ್ಲೆದ್ದು ಪಾಚಿಯನ್ನು ನುಂಗಿತು. ಹುಲ್ಲಿನ ನಡುವೆ ಕವಳೆಯ ಮುಳ್ಳುಪೊದೆಗಳು ತಲೆಯೆತ್ತಿದವು. ದೇವಿಯೇ ದೇವಿಯನ್ನು ಕೊಲ್ಲುತ್ತಿರುವಳೋ, ಯಾರನ್ನು ಕಾಯಲಿ, ಯಾರನ್ನು ಕೀಳಲಿ ಎಂದು ದಿಗ್ಭ್ರಾಂತನಾಗಿ ಅತ್ತನು. ಬುತ್ತಿ ಹೊತ್ತು ತಂದ ಹೆಂಡತಿ ಹೊನ್ನವ್ವನು, "ಯಾವ ಸೀರಿ ಉಟ್ಟು ಬರಬೇಕಂತ ಆಕಿಗೆ ಗೊತ್ತೈತಿ. ನೀವು ಸುಮ್ಮ ಕೈಕಟ್ಟಿ ಕುಂದರ್ರಿ," ಎಂದು ಗದರಿದಳು. ದೇವವಾಣಿಗಿಂತ ಇದು ಅವನಿಗೆ ಬೇಗ ಅರ್ಥವಾಯಿತೆಂದು ಹೇಳಲು ನನಗೆ ಸಂಕೋಚವಿಲ್ಲ.

ಮತ್ತಿ, ಹೊನ್ನೆಗಳ ದಟ್ಟಡವಿಯೂ ಬೇಸಿಗೆಯಲ್ಲೂ ಬತ್ತದ ತೊರೆಯೂ ಇಂದು ಭಕ್ತಾದಿಗಳ ಕಣ್ಣೆದುರಿಗಿವೆ. ಮೂರ್ತಿಯೆಲ್ಲಿ, ಇಷ್ಟೊಂದು ಕಸವೇಕೆ ಎಂದು ಹೊಸಬರು ಕಕ್ಕಾಬಿಕ್ಕಿಯಾಗುವುದುಂಟು. ಶ್ರಾವಣದ ಕೊನೆಯ ಸೋಮವಾರ ಇಲ್ಲಿ ನಡೆಯುವುದು ಕೈಕಟ್ಟು ಸೇವೆಯೊಂದೇ: ಹರಕೆ ಹೊತ್ತವರು ಒಂದು ಜಾವ ಕುಳಿತಿರಬೇಕು, ಎದುರಿಗೆ ಬಿದ್ದ ತರಗೆಲೆಯನ್ನೂ ಸರಿಸಕೂಡದು. ನಾನು ಮೂರು ಸಲ ಸೋತಿದ್ದೇನೆ. ಮಾಳಿಂಗನು ಮೂವತ್ತೊಂದು ವರ್ಷ ಕುಳಿತಿದ್ದು, ಒಂದು ಮರವನ್ನೂ ಕಾಣದೆ, ಮೊಳಕಾಲೆತ್ತರದ ಮುಳ್ಳುಪೊದೆಯ ನೆರಳಿನಲ್ಲಿ ತಲೆಯಿಟ್ಟು ದೇವಿಯನ್ನು ಸೇರಿದನು.