ಎಮ್ಮೆಯಜ್ಜಿಯ ಕಾವಲು

ಕೆರೆಯ ಬೆಳ್ಳಕ್ಕಿಗೆ ಮುದಿ ಎಮ್ಮೆಯೆಂದರೆ ಅಚ್ಚುಮೆಚ್ಚು. ನೀರಿಗಿಳಿಯುವ ಮುಂಚೆ ಎಮ್ಮೆ ತಪ್ಪದೆ ಬೆಳ್ಳಕ್ಕಿಯನ್ನು ಬೆನ್ನಿಗೆ ಕರೆದು, "ಇಳೀತೀನಿ ಮಗಾ, ಒಂದು ಕಣ್ಣಿಟ್ಟಿರು" ಎನ್ನುತ್ತಿತ್ತು. ಆಮೇಲೆ ಮುಂಗಾಲಿನಿಂದ ನೆಲ ತಡವಿ ಹೆಜ್ಜೆಯಿಡುತ್ತಿತ್ತು.

ಅದರ ಓರಗೆಯ ಕೋಣ ಒಮ್ಮೆ ನಕ್ಕಿತು. "ಹುಟ್ಟಿದಾಗಿನಿಂದ ಈಜಿದ ಕೆರೆ. ಈಗ ಕಾವಲಿಗೊಂದು ಹಕ್ಕಿ ಬೇಕೇನಕ್ಕಾ?"

"ನನ್ನ ವಯಸ್ಸು ಕೆರೆಗೆ ಗೊತ್ತಿಲ್ಲಪ್ಪ. ನನಗೆ ಗೊತ್ತಿದೆ," ಎಂದಿತು ಎಮ್ಮೆ.

ಆ ಬೇಸಿಗೆಯಲ್ಲಿ ಜನ ಕೆರೆಯ ಹೂಳೆತ್ತಿ, ಗುಂಡಿಗಳನ್ನು ಹಾಗೇ ಬಿಟ್ಟು ಹೋದರು. ಮಳೆ ಬಂದು ಗುಂಡಿಗಳೆಲ್ಲ ನೀರಿನಡಿ ಮರೆಯಾದವು. ಕೋಣ ಎಂದಿನಂತೆ ಒಂಟಿಯಾಗಿ ಧುಮುಕಿತು. ಹಿಂಗಾಲುಗಳು ಗುಂಡಿಯ ಕೆಸರಲ್ಲಿ ಹೂತವು. ಕೂಗೋಣವೆಂದು ಬಾಯಿ ತೆರೆದರೆ ನೀರೇ ಒಳನುಗ್ಗಿತು. ಎಮ್ಮೆಯ ಬೆನ್ನ ಮೇಲಿದ್ದ ಬೆಳ್ಳಕ್ಕಿ ಅದನ್ನು ಕಂಡು ಕಿರುಚಾಡಿತು. ಹಿಂಡೆಲ್ಲ ಓಡಿಬಂದು ಕೋಣವನ್ನು ದಡಕ್ಕೆ ನೂಕಿತು.

ಮರುದಿನ ಕೋಣ ದಡದಲ್ಲೇ ನಿಂತು, ಯಾರ ಮುಖವನ್ನೂ ನೋಡದೆ, "ಮಗಾ, ಇಳೀತೀನಿ. ಒಂದು ಕಣ್ಣಿಟ್ಟಿರ್ತೀಯಾ?" ಎಂದಿತು.

ಬೆಳ್ಳಕ್ಕಿ ಎಮ್ಮೆಯಜ್ಜಿಯ ಕಡೆ ತಿರುಗಿತು.

"ಹೋಗು ಮಗಾ," ಎಂದಿತು ಎಮ್ಮೆ. "ನೀನು ವಾಪಸ್ ಬರೋವರೆಗೂ ನಾನು ದಡದಲ್ಲೇ ಮೇಯ್ತಿರ್ತೀನಿ."